ಖಾಲಿ ಮಗ್ಗದ ಸದ್ದು

ಮಾರುಕಟ್ಟೆ ಬಿದ್ದ ವರ್ಷ ಮಿಲ್ಲು ನಿಂತಿತು. ಹುಡುಗರೆಲ್ಲ ಬೇರೆ ಬೇರೆ ಕಡೆ ಕೆಲಸ ಹಿಡಿದರು. ಹದಿನೇಳಕ್ಕೆ ಮಗ್ಗಕ್ಕೆ ನಿಂತ ಮೇಸ್ತ್ರಿಗೆ ಈಗ ಐವತ್ತೆಂಟು. ಹೋದಲ್ಲೆಲ್ಲ ಅವನ ಕೈಗಿಂತ ಮೊದಲು ತಲೆಯ ನರೆ ನೋಡಿ, "ಹೇಳಿ ಕಳಿಸ್ತೀವಿ" ಎಂದರು. ಯಾರೂ ಹೇಳಿ ಕಳಿಸಲಿಲ್ಲ.

ಕೊನೆಗೆ ಕರೆಸಿದವನು ಹಳೆಯ ಸಾಹುಕಾರನೇ.

"ಮಿಲ್ಲು ಮಾರ್ಬೇಕು ಮೇಸ್ತ್ರಿ. ನಿಂತಿರೋ ಮಿಲ್ಲಿಗೆ ಯಾರು ಬೆಲೆ ಕೊಡ್ತಾರೆ? ಹಗಲೆಲ್ಲ ನಾಲ್ಕು ಮಗ್ಗ ಓಡಿಸ್ತಾ ಇರು. ಬೀದಿಗೆ ಸದ್ದು ಕೇಳಿದ್ರೆ ಸಾಕು."

"ನೂಲು?"

"ನೂಲಿದ್ದಿದ್ರೆ ಹೀಗ್ಯಾಕೆ ಕೇಳ್ತಿದ್ದೆ?"

ಎಳೆ ಕಡಿದರೆ ಮಗ್ಗವನ್ನು ನಿಲ್ಲಿಸಲೆಂದೇ ಒಂದು ಸಣ್ಣ ಮುಳ್ಳಿರುತ್ತದೆ. ಮೇಸ್ತ್ರಿ ನಾಲ್ಕರ ಮುಳ್ಳನ್ನೂ ದಾರದಿಂದ ಕಟ್ಟಿಹಾಕಿ ಗುಂಡಿ ಒತ್ತಿದ. ಬರಿಯ ಲಾಳಿಗಳು ಅತ್ತಿಂದಿತ್ತ ಹಾರತೊಡಗಿದವು. ಸಂಜೆ ಅಭ್ಯಾಸಬಲದಿಂದ ಬಟ್ಟೆ ಸುತ್ತುವ ಉರುಳೆ ತಡವಿದರೆ ತಣ್ಣನೆಯ ಕಬ್ಬಿಣ. ಆದರೂ ಸಂಬಳ ಸಂಬಳವೇ.

ಒಂದು ಸೋಮವಾರ ಜ್ವರ ಬಂದು ಮಲಗಿದ. ಬೆಳಿಗ್ಗೆ ಎಂದಿನ ಹೊತ್ತಿಗೆ ಪಕ್ಕದ ಬೀದಿಯ ಮಿಲ್ಲಿನಲ್ಲಿ ಮಗ್ಗಗಳು ಶುರುವಾದವು.

"ನಿಮ್ಮ ಜಾಗಕ್ಕೆ ಯಾರನ್ನೋ ತಂದ್ರು ರೀ," ಎಂದಳು ಹೆಂಡತಿ, ಕಿಟಕಿಗೆ ಕಿವಿಗೊಟ್ಟು. "ವಯಸ್ಸಿನ ಹುಡುಗ ಇರ್ಬೇಕು."

"ಈ ಸಂಬಳಕ್ಕಾ? ಹುಡುಗರಿಗೇನು ತಲೆ ಕೆಟ್ಟಿದ್ಯಾ?" ಎಂದ. ಆದರೂ ಕಂಬಳಿ ಹೊದ್ದುಕೊಂಡೇ ಹೊರಟ.

ಮಿಲ್ಲಿನ ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ಮಗ್ಗಗಳ ಅಬ್ಬರ. ಗೋಡೆಗೆ ಅಂಗೈ ಒತ್ತಿದ. ಮಗ್ಗ ಓಡುವಾಗ ಆ ಗೋಡೆ ನಡುಗಬೇಕು, ನಡುಗುತ್ತಿರಲಿಲ್ಲ. ಒಡೆದ ಗಾಜಿನ ಸಂದಿನಿಂದ ಇಣುಕಿದ. ಲಾಳಿಗಳೆಲ್ಲ ತಮ್ಮ ತಮ್ಮ ಪೆಟ್ಟಿಗೆಗಳಲ್ಲಿ ಸುಮ್ಮನೆ ಬಿದ್ದಿದ್ದವು. ಒಂದು ಮಗ್ಗವೂ ಅಲುಗುತ್ತಿಲ್ಲ, ನಾಲ್ಕೂ ಕೂಗುತ್ತಿವೆ.

ತಟ್ಟನೆ ಸದ್ದು ನಿಂತಿತು. ಆ ಖಾಲಿ ಕೋಣೆಯಲ್ಲಿ ಯಾರೋ ಕೆಮ್ಮಿದರು. "ತಾಳಮ್ಮಾ, ಬೋಲ್ಟು ಬಿಗಿ ಮಾಡ್ತೀನಿ."

ಸಡಿಲಾಗುವ ಮೂರನೆಯ ಮಗ್ಗಕ್ಕೆ ಮೇಸ್ತ್ರಿ ಹಾಗೇ ಹೇಳುವುದು. ದನಿಯೂ ಅವನದೇ.

ಆಗ ಕಣ್ಣಿಗೆ ಬಿದ್ದವು, ಮೇಜಿನ ಮೇಲೆ ಕೂತ ಎರಡು ದೊಡ್ಡ ಸ್ಪೀಕರುಗಳು.

"ಹೋದ ವಾರ ರೆಕಾರ್ಡ್ ಮಾಡಿಸ್ದೆ," ಹಿಂದಿನಿಂದ ಸಾಹುಕಾರ ಎಂದ. "ಚೆನ್ನಾಗಿ ಬಂದಿದೆ ಅಲ್ವಾ? ನಡುವೆ ಬಂದ ನಿನ್ನ ಮಾತು ತೆಗೀಬೇಡಿ ಅಂದೆ, ನಿಜ ಅನ್ಸುತ್ತೆ. ಇನ್ನು ನೀನು ಮನೇಲಿ ಆರಾಮಾಗಿರು."

"ಜ್ವರ ಇಳಿದುಬಿಡುತ್ತೆ ಸಾಹುಕಾರ್ರೇ. ನಾಳೆ ಬರ್ತೀನಿ."

"ಬಂದು ಏನ್ಮಾಡ್ತೀಯ?"

ಮೇಸ್ತ್ರಿ ಬಾಯಿ ತೆರೆದ. ಅಷ್ಟರಲ್ಲಿ ಸ್ಪೀಕರಿನ ಒಳಗಿದ್ದವನು ಮಗ್ಗ ಶುರುಮಾಡಿಬಿಟ್ಟ. ಹೊರಗಿದ್ದವನು ಹೇಳಿದ್ದು ಸಾಹುಕಾರನಿಗೆ ಕೇಳಿಸಲೇ ಇಲ್ಲ.