ಗಿರಿಜಾ ತಂದ ಕರಿಕಲ್ಲು

ಕ್ಷುದ್ರಗ್ರಹಗಳ ಬಣ್ಣ ಅಳೆಯುವ ಕೆಲಸದಿಂದ ನಿವೃತ್ತನಾಗಿ ನಾನು ಗಂಗೊಳ್ಳಿಗೆ ಮರಳಿದ ಎರಡನೆಯ ವರ್ಷದ ಮಾತಿದು. ಸೇವೆಯೆಲ್ಲ ಹಿಮಾಲಯದ ಒಂದು ವೀಕ್ಷಣಾಲಯದಲ್ಲೇ ಕಳೆದಿತ್ತು. ಆಕಾಶ ನೋಡುವವನೆಂದು ತಿಳಿದದ್ದೇ ತಡ, ಊರಿನವರು ಜಾತಕ ಹಿಡಿದು ಬರತೊಡಗಿದರು. ಅವರನ್ನು ಸಾಗಹಾಕುವುದೇ ನನ್ನ ಹೊಸ ಉದ್ಯೋಗವಾಗಿತ್ತು.

ಮೀನು ಮಾರುವ ಗಿರಿಜಾ ಜಾತಕ ತರಲಿಲ್ಲ, ಬುಟ್ಟಿಯಲ್ಲಿ ಒಂದು ಕರಿಕಲ್ಲು ತಂದಳು. ಅವಳ ಗಂಡ ದೋಣಿಯ ಸಮೇತ ಕಾಣೆಯಾಗಿ ಒಂದು ಮಳೆಗಾಲ ದಾಟಿತ್ತು. ಶವ ಸಿಕ್ಕಿರಲಿಲ್ಲ. ಅವನು ಹೋದ ಸಂಜೆ, ತ್ರಾಸಿಯ ತೀರದಲ್ಲಿದ್ದವರು ಬೆಂಕಿಯ ಗೆರೆಯೊಂದು ಕಡಲಿಗೆ ಬಿದ್ದದ್ದನ್ನು ಕಂಡಿದ್ದರಂತೆ. ಅದು ಅವನ ದೋಣಿಯ ಮೇಲೇ ಬಿತ್ತೆಂದು ಊರಲ್ಲಿ ಮಾತಿತ್ತು. ಈಗ ಅದೇ ದಿಕ್ಕಿನಲ್ಲಿ ಇನ್ನೊಂದು ದೋಣಿಯ ಬಲೆಗೆ ಈ ಕಲ್ಲು ಬಂದಿತ್ತು.

"ಹ್ವಾಯ್, ಇದ್ ಆಕಾಶದ್ದೋ ಇಲ್ಲಿದ್ದೋ, ಅಷ್ಟ್ ಹೇಳಿ ಸಾಕ್. ಆಕಾಶದ್ದಾರೆ ಕರಿಮಣಿ ತೆಗೀತೆ. ಅಲ್ದಿದ್ರೆ ಕಾಯ್ತೆ" ಎಂದಳು.

ಮರುದಿನ ಅವಳ ಅಣ್ಣ ಮಂಜುನಾಥ ಬಂದ. "ಆಕಾಶದ್ದೇ ಅಂದೇಳಿ ಹೇಳಿ ಮಾರಾಯ್ರೆ. ತಂಗಿ ಸಮಾ ಉಣ್ಣುದಿಲ್ಲೆ. ಒಂದ್ ಉತ್ತರಕ್ರಿಯೆ ಆದ್ರೂ ಮುಗೀಲಿ." ಅಳೆಯದೆ ಏನೂ ಹೇಳಲಾರೆ ಎಂದು ಗದರಿಸಿ ಕಳಿಸಿದೆ.

ನಮ್ಮ ವಿದ್ಯೆ ಇಷ್ಟೇ. ಕಣ್ಣಿಗೆ ಕಾಣುವ ಕೆಂಪಿನಾಚೆ ಇನ್‌ಫ್ರಾರೆಡ್ ಬೆಳಕಿದೆ. ಪ್ರತಿ ಖನಿಜವೂ ಅದರಲ್ಲಿ ತನಗೆ ಬೇಕಾದ ಭಾಗವನ್ನು ನುಂಗಿ ಉಳಿದದ್ದನ್ನು ಹಿಂದಿರುಗಿಸುತ್ತದೆ. ಯಾವ ಭಾಗವನ್ನು ಎಷ್ಟು ನುಂಗಿತೆಂದು ನೋಡಿ, ಕೋಟ್ಯಂತರ ಕಿಲೋಮೀಟರ್ ದೂರದ ಬಂಡೆಯಲ್ಲಿ ಏನಿದೆ ಎಂದು ಹೇಳುತ್ತೇವೆ.

ಹಳೆಯ ಸಹೋದ್ಯೋಗಿಯ ಪ್ರಯೋಗಾಲಯದಲ್ಲಿ ಕಲ್ಲನ್ನು ಈ ಬೆಳಕನ್ನು ಅಳೆಯುವ ಸ್ಪೆಕ್ಟ್ರೋಮೀಟರ್ ಕೆಳಗಿಟ್ಟೆ. ತೆರೆಯ ಮೇಲೆ ಬೆಳಕಿನ ಏರಿಳಿತದ ಗೆರೆ ಮೂಡಿತು. ಒಂದು ಮೈಕ್ರಾನ್ ಅಲೆಯುದ್ದದ ಬಳಿ ಒಂದು ತಗ್ಗು, ಎರಡು ಮೈಕ್ರಾನ್ ಬಳಿ ಇನ್ನೊಂದು. ಅದು ಪೈರಾಕ್ಸೀನ್ ಖನಿಜದ ಗುರುತು. ವೆಸ್ಟಾ ಎಂಬ ಕ್ಷುದ್ರಗ್ರಹದಲ್ಲಿ ನಾನು ನೂರಾರು ಸಲ ಕಂಡದ್ದೂ ಅದನ್ನೇ. ಅಲ್ಲಿಗೇ ನಿಲ್ಲಿಸಿದ್ದರೆ ಮಂಜುನಾಥನಿಗೆ ಬೇಕಾದ ಉತ್ತರ ನನ್ನ ಕೈಯಲ್ಲಿತ್ತು.

ಆದರೆ ಗೆರೆ ಮುಂದೆ ಹೋಗಿ ಎರಡೂಕಾಲು ಮೈಕ್ರಾನ್ ದಾಟಿದ ಮೇಲೆ ಮತ್ತೊಮ್ಮೆ ಸಣ್ಣಗೆ ತಗ್ಗಿತು. ನೆಲದಾಳದಲ್ಲಿ ನೀರಿನೊಡನೆ ಯುಗಗಟ್ಟಲೆ ಬೆಂದ ಕಲ್ಲಿನಲ್ಲಿ ಹುಟ್ಟುವ ಕ್ಲೋರೈಟ್ ಅದು. ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲೂ ನೋಡಿದೆ. ಸಂಶಯ ಉಳಿಯಲಿಲ್ಲ. ನಮ್ಮದೇ ಕರಾವಳಿಯ ಕರಿಕಲ್ಲು.

ಪ್ರಬಂಧಗಳಲ್ಲಾದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ 'ಇರಬಹುದು' ಎಂದು ಬರೆಯುವುದು ನಮಗೆ ರೂಢಿ. ಗಿರಿಜಾಳ ಮುಖ ನೋಡಿಕೊಂಡು ಹಾಗೆ ಹೇಳಲಾಗಲಿಲ್ಲ. "ಇಲ್ಲಿಯದೇ ಕಲ್ಲು" ಎಂದೆ. "ಹಾಗೆಂದ ಮಾತ್ರಕ್ಕೆ ಅವನು ಬದುಕಿದ್ದಾನೆ ಅಂತಲ್ಲ" ಎಂದೂ ಸೇರಿಸಿದೆ.

"ಕಲ್ಲಿನ ವಿಷ್ಯ ನೀವ್ ಹೇಳಿರಿ. ಗಂಡನ ವಿಷ್ಯ ನಾ ಕಂಡ್ಕಂತೆ" ಎಂದು ಬುಟ್ಟಿ ಹೊತ್ತು ನಡೆದಳು.

ಅಂದಿನಿಂದ ಅವಳು ಕೊನೆಯ ದೋಣಿ ಬರುವವರೆಗೂ ಬಂದರಿನಲ್ಲಿ ನಿಲ್ಲುತ್ತಾಳೆ. ಒಬ್ಬೊಬ್ಬರಾಗಿ ಇಳಿಯುವವರ ಮುಖ ನೋಡುತ್ತಾಳೆ. ಮಂಜುನಾಥ ನನ್ನೊಡನೆ ಮಾತು ಬಿಟ್ಟಿದ್ದಾನೆ. ನಾನು ಆ ಕಡೆ ಮೀನು ಕೊಳ್ಳಲು ಹೋಗುವುದನ್ನೇ ಬಿಟ್ಟೆ. ಕಣ್ಣು ಮುಚ್ಚಿದರೆ ಆ ಸಣ್ಣ ತಗ್ಗು ಕಾಣುತ್ತದೆ, ಅದರ ಹಿಂದೆ ಅವಳು.

ಕಳೆದ ತಿಂಗಳು ಅವಳೇ ಮನೆಗೆ ಬಂದಳು. ತುಂಬಾ ಇಳಿದುಹೋಗಿದ್ದಳು. ಮೆಟ್ಟಿಲ ಬಳಿಯೇ ನಿಂತು ಕೇಳಿದಳು: "ನಿಮ್ಮ್ ಮಿಷನ್ ತಪ್ಪುದ್ ಇತ್ತಾ?"

ಮಾಪನವನ್ನು ಮೂರು ಬಾರಿ ಪರೀಕ್ಷಿಸಬೇಕೆಂದು ವೃತ್ತಿ ಕಲಿಸಿತ್ತು, ನಾನು ಪರೀಕ್ಷಿಸಿದ್ದೆ. ಅದರ ಉತ್ತರವನ್ನು ಇನ್ನೊಬ್ಬರು ಹೊತ್ತು ಬಾಳಬೇಕಾಗುತ್ತದೆಂದು ಕಲಿಸಿದವಳು ಗಿರಿಜಾ. ಅವಳು ಬೇಡುತ್ತಿದ್ದುದು ಬಿಡುಗಡೆಯನ್ನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಈ ಸಲ ತಪ್ಪಿಲ್ಲ" ಎಂದೆ.

"ಹಂಗಾರೆ ಬತ್ತೆ. ಬೋಟ್ ಬಪ್ಪು ಹೊತ್ತಾಯ್ತ್" ಎಂದು ಅವಳು ಬಂದರಿನ ಕಡೆಗೆ ಹೋದಳು.