ಬಿಸಿನೀರಿನಲ್ಲಿ ಕುರಿಯ ನರ

ನನಗೂ ಬೆನ್ನು ಎಂಬುದೊಂದು ಇದೆಯೆಂದು ಗೊತ್ತಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಜಗಳೂರಿನ ಬಸ್ಸಿನ ಮೇಲಿಂದ ಟ್ರಂಕು ಇಳಿಸಿಕೊಳ್ಳುವಾಗ. ಅಲ್ಲಿಯವರೆಗೆ ಅದು ಅಂಗಿ ನೇತುಹಾಕಲು ದೇವರು ಕೊಟ್ಟ ಹಲಗೆ ಎಂದುಕೊಂಡಿದ್ದೆ. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯೊಂದು ಜಾರಿದೆ, ಮಲಗಿಕೊಂಡಿರಿ ಎಂದರು ಡಾಕ್ಟರು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ಎರಡು ವಾರ ಮನೆಯ ಜಂತಿ ಎಣಿಸಿದೆ.

ಸುದ್ದಿ ತಿಳಿದು ಬಿಳಿಚೋಡಿನಿಂದ ಮಾವ ಬಂದರು. ಕುರಿ ಸಾಕಿ ಬದುಕಿದವರು. ಕುಂಟುವ ಕುರಿಗೂ ನೋಯುವ ಮನುಷ್ಯನಿಗೂ ಅವರದು ಒಂದೇ ಮದ್ದು: ಕುಡುಗೋಲನ್ನು ಕೆಂಪಗೆ ಕಾಸಿ ಬರೆ ಹಾಕುವುದು. ಕುಡುಗೋಲು ಚೀಲದಲ್ಲೇ ಇತ್ತು.

"ಒಂದ್ ಸಲ ಚುರ್ ಅಂತೈತೆ, ಅಷ್ಟೇ ಅಳಿಯಂದ್ರೆ. ಗಂಗೀನ ಕೇಳ್ರಿ, ಚಿಕ್ಕೋಳಿದ್ದಾಗ ಬೆನ್ನುನೋವು ಅಂದ್ಲು, ಹಾಕಿದ್ದೆ."

ಗಂಗಿ ನನ್ನ ಹೆಂಡತಿ. ಅವಳನ್ನು ಕೇಳಬೇಕಾಗಿರಲಿಲ್ಲ. ಸೊಂಟದ ಮೇಲೆ ಅಂಗೈಯಗಲದ ಹೊಳೆಯುವ ಕಲೆ. ಎಡಕ್ಕೆ ತುಸು ವಾಲಿದ ನಡಿಗೆ. ಮಟಮಟ ಮಧ್ಯಾಹ್ನಗಳಲ್ಲಿ ಒಮ್ಮೊಮ್ಮೆ ಕೆಲಸ ನಿಲ್ಲಿಸಿ, "ಹಿಂದೆ ಯಾರೋ ಕುಂತು ದಾರ ಎಳೆದಂಗಾಗ್ತೈತೆ ನೋಡ್ರಿ" ಎನ್ನುವಳು. ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ಮುಂದಿನ ಸಲವೂ ನೋಡುತ್ತಿದ್ದೆ.

ಬರೆಗೆ ಹೆದರಿದ್ದೇನೆಂದು ಮಾವನ ಮುಂದೆ ಒಪ್ಪಿಕೊಳ್ಳಲು ಅಳಿಯತನ ಬಿಡಲಿಲ್ಲ. ವಿಜ್ಞಾನದ ಮರೆಹೊಕ್ಕೆ. ಕಾವು ಮೈಯೊಳಗೆ ಏನು ಮಾಡುತ್ತದೆಂದು ಮೊದಲು ಪರೀಕ್ಷೆ ಮಾಡೋಣ ಎಂದು ಅವರಿಂದಲೇ ಕುರಿಯ ಹಿಂಗಾಲಿನ ನರವೊಂದನ್ನು ತರಿಸಿದೆ. ಮಾಂಸವನ್ನು ಎಲುಬಿಗೆ ಕಟ್ಟಿಹಾಕುವ ಆ ಬಿಳಿ ಹುರಿಯಲ್ಲೂ, ನಮ್ಮ ಚರ್ಮದಲ್ಲೂ, ನನ್ನ ಜಾರಿದ ಮೆತ್ತೆಯನ್ನು ಸುತ್ತಿ ಬಿಗಿದ ಉಂಗುರದಲ್ಲೂ ಇರುವುದು ಕೊಲಾಜನ್ ಎಂಬ ನಾರು. ಬೆನ್ನು ಹಿಡಿದುಕೊಂಡೇ ಎದ್ದು, ಶಾಲೆಯಿಂದ ತರಿಸಿದ ಗಾಜಿನ ಬೀಕರಿನಲ್ಲಿ ನೀರು ತುಂಬಿ, ಸೀಮೆಎಣ್ಣೆ ಸ್ಟೌ ಮೇಲಿಟ್ಟು, ನರಕ್ಕೆ ತಕ್ಕಡಿಯ ಚಿಕ್ಕ ತೂಕದ ಕಲ್ಲು ಕಟ್ಟಿ, ಮೇಲಿನ ತುದಿಯನ್ನು ಅಡ್ಡಕಡ್ಡಿಗೆ ಬಿಗಿದು ನೀರಿನೊಳಗೆ ಇಳಿಬಿಟ್ಟೆ.

ನೀರು ಬೆಚ್ಚಗಾದಾಗ ನರ ಸಡಿಲಿತು. ಕಲ್ಲು ಕೂದಲೆಳೆಯಷ್ಟು ಇಳಿಯಿತು. ಶಾಖ ಕೊಟ್ಟರೆ ಹಿತವಾಗುವುದು ಹೀಗೆಯೇ ಎಂದು ಪಾಠ ಶುರುಮಾಡಿದೆ. ನೀರಿಗೆ ಇನ್ನೂ ಕುದಿ ಬಂದಿರಲಿಲ್ಲ. ಕಲ್ಲು ಅಲುಗಿತು. ಆಮೇಲೆ ತಾನಾಗಿ ಮೇಲೇಳತೊಡಗಿತು.

ಬಿಸಿ ಮಿತಿಮೀರಿದರೆ ಈ ನಾರು ಮುರುಟುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಸತ್ತ ಕುರಿಯ ಕಾಲು, ಕಾಲೇ ಇಲ್ಲದೆ, ಕಲ್ಲನ್ನು ಎಳೆದುಕೊಳ್ಳುತ್ತಿತ್ತು. ಪಾಠ ನಿಂತಿತು.

"ಜೀವ ಐತೇನ್ರೀ ಅದಕ್ಕೆ?" ಎಂದು ಮಾವ ಹಿಂದೆ ಸರಿದರು.

ಬಾಗಿಲಲ್ಲಿ ಗಂಗಿ ನಿಂತಿದ್ದಳು. ಕೈ ಸೊಂಟದ ಮೇಲಿತ್ತು. "ಹಿಂಗೇ," ಎಂದಳು ಮೆಲ್ಲಗೆ. "ಹಿಂಗೇ ಎಳಿಯೋದು."

ಸ್ಟೌ ಆರಿಸಿದೆ. ನೀರು ತಣ್ಣಗಾದರೂ ಕಲ್ಲು ಕೆಳಗಿಳಿಯಲಿಲ್ಲ. ಗಿಡ್ಡಗೆ ಮುರುಟಿದ ನರವನ್ನು ಮಾವ ಅಂಗೈಯಲ್ಲಿಟ್ಟುಕೊಂಡು ಎಳೆದು ನೋಡಿದರು, ನೀವಿ ನೋಡಿದರು.

"ಮೊದಲಿನಂಗೆ ಮಾಡಾಕೆ ಬರಲ್ವಾ ಅಳಿಯಂದ್ರೆ?"

"ಇಲ್ಲ ಮಾವ," ಎಂದುಬಿಟ್ಟೆ. ಅವರು ನೋಡುತ್ತಿದ್ದದ್ದು ನರವನ್ನಲ್ಲ, ಮಗಳನ್ನು. ಪ್ರಶ್ನೆ ಅರ್ಥವಾಗುವ ಮುಂಚೆಯೇ ಉತ್ತರ ಕೊಡುವುದು ನಮ್ಮ ಮೇಷ್ಟ್ರುಗಳ ಕಾಯಿಲೆ. ನನಗೆ ನಾಚಿಕೆಯಾಯಿತು.

ಕುಡುಗೋಲು ಚೀಲದಿಂದ ಹೊರಬರಲೇ ಇಲ್ಲ. ಮಾವ ಬಾಣಲೆಯಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿದರು. ಕೆನ್ನೆಗೆ ಒತ್ತಿಕೊಂಡು ಬಿಸಿ ನೋಡಿದರು, ಊದಿದರು, ಮತ್ತೆ ಒತ್ತಿಕೊಂಡರು. ನಾನು ಚಾಪೆಯ ಮೇಲೆ ಬೋರಲು ಬಿದ್ದು, ಅಂಗಿ ಮೇಲೆತ್ತಿ ಕಾಯುತ್ತಿದ್ದೆ. ಎಷ್ಟು ಹೊತ್ತಾದರೂ ಬೆನ್ನಿಗೆ ಏನೂ ತಗಲಲಿಲ್ಲ.

ಕತ್ತು ಹೊರಳಿಸಿದೆ. ಉಪ್ಪಿನ ಗಂಟು ಗಂಗಿಯ ಕಲೆಯ ಮೇಲಿತ್ತು. ಅಪ್ಪ ಮಗಳು ಇಬ್ಬರೂ ಅಳುತ್ತಿದ್ದರು. ಮನೆಯಲ್ಲಿ ರೋಗಿ ಯಾರೆಂಬುದು ನನಗೆ ಆಗ ತಿಳಿಯಿತು. ಸದ್ದಾಗದಂತೆ ಅಂಗಿ ಇಳಿಸಿಕೊಂಡೆ.