ಒಂದೇ ಮನೆಯವರು ಒಂದೇ ದೋಣಿಗೆ ಬೇಡ

1972ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ, ನಾನು ಸ್ಕೂಲು ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ತೀರ್ಥಹಳ್ಳಿಯಿಂದ ಕೆಳಗೆ ಒಂದು ದೋಣಿಗಂಡಿಯಲ್ಲಿ ಸೋದರಮಾವ ಜನರನ್ನು ಹೊಳೆ ದಾಟಿಸುತ್ತಿದ್ದರು. ಅವರ ಜೊತೆ ದೋಣಿ ನೂಕುವ ಬಿದಿರು ಜಲ್ಲೆ ಹಿಡಿದೆ. ಎರಡು ಮಳೆಗಾಲ ಕಳೆಯುವುದರೊಳಗೆ ನೀರಿನ ಮೇಲ್ಮೈ ನೋಡಿ ಅಡಿಯಲ್ಲಿ ಬಂಡೆಯೋ ಮರಳೋ ಹೇಳುವಷ್ಟಾದೆ. ಅದನ್ನು ಯಾವ ಮೇಷ್ಟ್ರೂ ಕಲಿಸುತ್ತಿರಲಿಲ್ಲ.

ಮಾವನದೊಂದು ಪದ್ಧತಿ ಇತ್ತು. ಹೊಳೆ ಕೆಂಪಾಗಿ ಬಂದ ದಿನ ದೋಣಿ ಹತ್ತಿಸುವ ಮೊದಲು, ಒಂದೇ ಮನೆಯವರು ಯಾರ್ಯಾರು ಅಂತ ಕೇಳುತ್ತಿದ್ದರು. ಗಂಡ ಹೆಂಡತಿಯಾಗಲಿ, ಅಣ್ಣ ತಮ್ಮನಾಗಲಿ, ಒಬ್ಬರು ಈ ಸಲ, ಇನ್ನೊಬ್ಬರು ಮುಂದಿನ ಸಲ. ದೋಣಿ ಮಗುಚಿದರೆ ಮನೆಗೆ ಒಬ್ಬರಾದರೂ ಉಳಿಯಬೇಕು. ಎಷ್ಟು ದೊಡ್ಡವರು ಬಂದರೂ ಇದರಲ್ಲಿ ರಿಯಾಯಿತಿ ಇರಲಿಲ್ಲ.

ಸೇತುವೆ ಆಯಿತು, ದೋಣಿಗಂಡಿ ನಿಂತಿತು. ಕೆಲವು ವರ್ಷ ಸಾಗರದಲ್ಲಿ ಲಾರಿಗೆ ದಿಮ್ಮಿ ಏರಿಸಿದೆ. ಎಂಬತ್ತರ ದಶಕ ಶುರುವಾದಾಗ ಬೆಂಗಳೂರಿನ ಒಬ್ಬರು ಫೋಟೋ ಸ್ಟುಡಿಯೋದವರು ನೀರು ಬಲ್ಲವರನ್ನು ಹುಡುಕಿಕೊಂಡು ಬಂದರು. ಅವರ ಹತ್ತಿರ ಮಿಲಿಟರಿಯವರು ಮಾರಿದ ಎರಡು ಹಳೇ ರಬ್ಬರ್ ದೋಣಿ ಇದ್ದವು. ಮಳೆ ನಿಂತು ನೀರು ತಿಳಿಯಾಗುವ ಹೊತ್ತಿಗೆ, ಹುಲಿಕಲ್ ಕಡೆಯ ಕೊಳ್ಳದಲ್ಲಿ ಗೆಳೆಯರನ್ನು ಕರೆದುಕೊಂಡು ಇಳಿಯಬೇಕು ಅಂದರು. ಒಂದು ದೋಣಿ ನಾನು ನಡೆಸುವುದು, ಇನ್ನೊಂದಕ್ಕೆ ನನ್ನ ಹೆಂಡತಿಯ ಅಣ್ಣ, ಭಾವ.

ಸ್ಟುಡಿಯೋದವರು ನನ್ನನ್ನು ಬದಿಗೆ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು. ಬರುವವರೆಲ್ಲ ಗಂಡಸರನ್ನೇ ಮೆಚ್ಚಿದ ಗಂಡಸರು. ಊರಲ್ಲಿ ಜೊತೆಯಾಗಿ ಒಂದು ಕಾಫಿ ಕುಡಿಯಲೂ ಅಕ್ಕಪಕ್ಕ ನೋಡಬೇಕು, ಕೊಳ್ಳದೊಳಗೆ ಮೂರು ದಿನ ಆ ಕಾಟ ಇಲ್ಲ. ನಿಮಗೇನಾದರೂ ತೊಂದರೆಯಾ ಅಂತ ಕೇಳಿದರು. ಅವರಿಗೆ ಈಜು ಬರುತ್ತಾ ಅಂತ ನಾನು ಕೇಳಿದೆ. ಭಾವನಿಗೆ ಹೇಳಲಿಲ್ಲ. ಹೊಸನಗರದ ಹೋಟೆಲಿನಲ್ಲಿ ಒಬ್ಬ, ಹೆಣ್ಣಿಲ್ಲದ ದಿಬ್ಬಣ ಎಲ್ಲಿಗೆ ಹೊರಟಿತು ಅಂತ ಕಿಚಾಯಿಸಿದಾಗ ಭಾವನೂ ಎಲ್ಲರ ಜೊತೆ ನಕ್ಕ.

ಮೊದಲ ವರ್ಷ, ನೀರು ಧುಮುಕುವ ಜಾಗ ಶುರುವಾಗುವ ಮುಂಚೆ ಮಾವನ ಪ್ರಶ್ನೆ ಕೇಳಿದೆ. ಎಲ್ಲರೂ ಬೇರೆ ಬೇರೆ ಮನೆ ಅಂದರು. ಒಬ್ಬರು ಹೈಸ್ಕೂಲಿನ ಎತ್ತರದ ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ನನ್ನ ದೋಣಿಯಲ್ಲಿ ಪಕ್ಕಪಕ್ಕ ಕೂತರು. ಇಬ್ಬರೂ ಜೋಡಿ ಅಂತ ನೋಡಿದರೇ ತಿಳಿಯುವಂತಿತ್ತು, ಆದರೂ ಸುಮ್ಮನಿದ್ದೆ. ನೀರು ಧುಮುಕುವ ಮೂರನೇ ಇಳಿತದಲ್ಲಿ ದೋಣಿ ಮಗುಚಿತು. ಇಬ್ಬರನ್ನೂ ಎಳೆದು ದಡಕ್ಕೆ ಹಾಕಿದೆ. ಬ್ಯಾಂಕಿನವರು ತುಂಬಾ ನೀರು ಕುಡಿದಿದ್ದರು. ಗೊತ್ತಿದ್ದೂ ಒಂದೇ ದೋಣಿಗೆ ಹಾಕಿದ್ದು ನನ್ನ ತಪ್ಪು.

ಮರುವರ್ಷ ಏಳು ಜನ ಬಂದರು. ಅದೇ ಜಾಗ, ಅದೇ ಪ್ರಶ್ನೆ. ಮೇಷ್ಟ್ರು ಕೈ ಎತ್ತಿದರು.

"ನಾವಿಬ್ಬರು ಒಂದೇ ಮನೆ."

ಭಾವನಿಗೆ ತಮಾಷೆ. "ಹೋದ್ವರ್ಷ ಬೇರೆ ಅಂದಿದ್ರಲ್ಲ ಮೇಷ್ಟ್ರೇ? ಅಣ್ತಮ್ಮಂದಿರಾ?"

"ಅಲ್ಲ. ಒಂಬತ್ತು ವರ್ಷದಿಂದ ಒಟ್ಟಿಗಿದೀವಿ."

ಬ್ಯಾಂಕಿನವರು ತಲೆ ತಗ್ಗಿಸಿ ಲೈಫ್ ಜಾಕೆಟ್ಟಿನ ದಾರ ಬಿಗಿಯುತ್ತ ನಿಂತರು. ಭಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹುಟ್ಟನ್ನು ಬಂಡೆಗೆ ಒರಗಿಸಿ ನನ್ನನ್ನು ಮರದ ಮರೆಗೆ ಕರೆದ. ನಿನಗೆ ಮೊದಲೇ ಗೊತ್ತಿತ್ತಾ ಅಂದ. ಗೊತ್ತಿತ್ತು ಅಂದೆ. ಇಂಥವರನ್ನು ಕೂರಿಸಿಕೊಂಡು ಹೋದದ್ದು ಊರಿಗೆ ತಿಳಿದರೆ ತನ್ನ ಮಗಳಿಗೆ ಗಂಡು ಸಿಗುವುದಿಲ್ಲ, ಈಗಲೇ ವಾಪಸ್ ಕಳಿಸು, ಇಲ್ಲದಿದ್ದರೆ ನಮ್ಮ ನೆಂಟಸ್ತನ ಇವತ್ತಿಗೇ ಮುಗಿಯಿತು ಅಂದ.

"ಅವ್ರು ನನ್ನ ನಂಬಿ ನಿಜ ಹೇಳಿದಾರೆ ಭಾವ. ದಡದವರೆಗೆ ಕರ್ಕೊಂಡು ಬಂದು ಬಿಟ್ಟು ಹೋಗಿ ಅಭ್ಯಾಸ ಇಲ್ಲ ನಂಗೆ."

"ಹಂಗಾರೆ ಒಬ್ನೇ ದಾಟ್ಸು," ಅಂದವನು ಕಾಲುದಾರಿ ಹಿಡಿದು ಹತ್ತಿಹೋದ.

ಎರಡು ದೋಣಿ, ನಡೆಸುವವ ಒಬ್ಬ. ಸ್ಟುಡಿಯೋದವರು ಹಿಂದಿರುಗೋಣ ಅಂದರು. ಎರಡು ಸಲ ಇಳಿಯುತ್ತೇನೆ ಅಂದೆ. ಬ್ಯಾಂಕಿನವರನ್ನೂ ಇನ್ನಿಬ್ಬರನ್ನೂ ಮೊದಲ ದೋಣಿಯಲ್ಲಿ ಕೂರಿಸಿದೆ. ಮೂರನೇ ಇಳಿತದಲ್ಲಿ ಎಡಕ್ಕೆ ಒತ್ತಿ ಹುಟ್ಟು ಹಾಕಿಸಿದೆ. ದೋಣಿ ಬಂಡೆಗೆ ಉಜ್ಜಿಕೊಂಡು ಹೋಯಿತು, ಮಗುಚಲಿಲ್ಲ. ಅವರನ್ನು ಕೆಳಗಿನ ಮರಳಿನಲ್ಲಿ ಇಳಿಸಿ ಕಾಡಿನೊಳಗೆ ಮೇಲಕ್ಕೆ ನಡೆದೆ. ಒಂದೂವರೆ ಗಂಟೆಯ ಏರು. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕೀಳಲೂ ನಿಲ್ಲಲಿಲ್ಲ.

ಮೇಷ್ಟ್ರು ನಾನು ಬಿಟ್ಟ ಜಾಗದಲ್ಲೇ ನಿಂತಿದ್ದರು. ಅಲ್ಲಿಂದ ಕೆಳಗಿನ ಮರಳು ಕಾಣುವುದಿಲ್ಲ, ನೀರಿನ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ.

"ನಿಮ್ಮ ಮನೆಯೋರು ಇಳಿದ್ರು. ಅಂಗಿ ಒಣಗಿಸ್ತಿದಾರೆ," ಅಂದೆ.

ಅವರು ಅಲ್ಲೇ ಕೂತುಬಿಟ್ಟರು. ಹೊತ್ತಾಯ್ತು, ಏಳಿ ಅಂದೆ. ಬಿಸಿಲು ಕೊಳ್ಳ ಬಿಡುವ ಮೊದಲು ಅವರನ್ನೂ ಉಳಿದ ಮೂವರನ್ನೂ ಇಳಿಸಿದೆ.

ಭಾವ ಆಮೇಲೆ ದೋಣಿಗೆ ಬರಲಿಲ್ಲ, ನನ್ನ ಮನೆಗೂ ಬರಲಿಲ್ಲ. ಮಗಳ ಮದುವೆಗೆ ತಂಗಿಯನ್ನು ಮಾತ್ರ ಕರೆದ. ಹೆಂಡತಿ ಒಬ್ಬಳೇ ಹೋಗಿಬಂದಳು. ನಿಜ ಹೇಳಿದವರನ್ನು ದಾಟಿಸಿದೆ ಅಂತ ಬೆಂಗಳೂರಿನಲ್ಲಿ ಬಾಯಿಂದ ಬಾಯಿಗೆ ಹೋಗಿರಬೇಕು, ಬೊಂಬಾಯಿಯಿಂದಲೂ ಕಾಗದಗಳು ಬರತೊಡಗಿದವು.

ಈಗ 1988ನೇ ಇಸವಿ. ನನ್ನ ಸ್ವಂತದ ರಬ್ಬರ್ ದೋಣಿ ಮೂರು, ಹುಟ್ಟು ಹದಿನಾಲ್ಕು, ನಾನು ಕಲಿಸಿದ ದೋಣಿಯವರು ಇಬ್ಬರು. ಮಳೆ ಬಿಟ್ಟ ಮೇಲೆ ವರ್ಷಕ್ಕೆ ಐದು ತಂಡ. ಮಾತು ಬಿಟ್ಟ ನೆಂಟರ ಮನೆ ಒಂದು.